ರಿವಾಯತದ ಕಡೆಯ ನುಡಿ



ನಮ್ಮ ಸಿಂಧನೂರು, ಲಿಂಗಸುಗೂರುಗಳ ಕಡೆ ಮೊಹರಮಿನ ಹತ್ತನೆಯ ದಿನಕ್ಕೆ ಮುಂಚಿನ ಇರುಳನ್ನು ‘ಕತ್ತಲ ರಾತ್ರಿ’ ಎನ್ನುತ್ತಾರೆ. ಕನ್ನಡದ ಕಿವಿಗೆ ಅದು ಕತ್ತಲೆ. ಮೂಲದಲ್ಲಿ ಅದು ‘ಕತ್ಲ್’, ಎಂದರೆ ಕೊಲೆ ಎಂಬ ಅರಬ್ಬಿ ಶಬ್ದ. ಕ್ರಿ.ಶ. 680ರಲ್ಲಿ ಕರ್ಬಲಾ ಬಯಲಿನಲ್ಲಿ ಪ್ರವಾದಿಯವರ ಮೊಮ್ಮಗ ಇಮಾಮ್ ಹುಸೇನರು ಹತರಾದುದರ ನೆನಪು ಅದರಲ್ಲಿದೆ. ಅರಬ್ಬಿಯ ಕೊಲೆ ಕನ್ನಡದ ಕತ್ತಲೆಯಾದದ್ದು ಅಲಾಯಿ ಕುಣಿಯ ಸುತ್ತ ಹಲಗೆಯ ಪೆಟ್ಟಿಗೆ ಹೆಜ್ಜೆ ಹಾಕಿದ ಜನರ ಬಾಯಲ್ಲಿ.

ಆ ಜನ ಹಾಡುವ ಪದಕ್ಕೆ ‘ರಿವಾಯತ’ ಎಂದು ಹೆಸರು. ಇದೂ ಅರಬ್ಬಿಯದೇ. ಅಲ್ಲಿ ‘ರಿವಾಯ’ ಎಂದರೆ ಕೇಳಿದ್ದನ್ನು ಮತ್ತೊಬ್ಬರಿಗೆ ತಲುಪಿಸುವುದು. ಹಾಗೆ ತಲುಪಿಸುವವನು ‘ರಾವಿ’. ಪ್ರವಾದಿಯವರ ಮಾತುಗಳನ್ನು, ಎಂದರೆ ಹದೀಸುಗಳನ್ನು, ಸಂಗ್ರಹಿಸಿದ ವಿದ್ವಾಂಸರು ಮೊದಲು ಬರೆಯುತ್ತಿದ್ದುದು ಹೆಸರುಗಳ ಸರಪಳಿಯನ್ನು: ಇಂಥವರು ಇಂಥವರಿಂದ ಕೇಳಿದರು, ಅವರು ಇಂಥವರಿಂದ ಕೇಳಿದರು, ಎಂದು. ಇದಕ್ಕೆ ‘ಇಸ್ನಾದ್’ ಎನ್ನುವರು. ಒಂಬತ್ತನೆಯ ಶತಮಾನದ ಇಮಾಮ್ ಬುಖಾರಿ ಈ ಶೋಧನೆಗಾಗಿಯೇ ದೇಶದೇಶ ಅಲೆದರು. ಒಂದು ಕೊಂಡಿ ಸಡಿಲವೆಂದು ಕಂಡರೆ, ಮಾತು ಎಷ್ಟೇ ಚೆಲುವಾಗಿದ್ದರೂ ಅದರ ತೂಕ ಇಳಿಯುತ್ತಿತ್ತು.

ನಮ್ಮ ಹಳ್ಳಿಯ ರಿವಾಯತಕಾರರು ಈ ಶಾಸ್ತ್ರವನ್ನು ಓದಿದವರಲ್ಲ. ಆದರೂ ಪದದ ಕಡೆಯ ನುಡಿಯಲ್ಲಿ ಊರು, ಗುರು, ಕವಿಯ ಹೆಸರು ಹೇಳಿ ಮುಗಿಸುವುದು ಅವರ ವಾಡಿಕೆ. ವಚನಕಾರರ, ದಾಸರ ಅಂಕಿತಗಳನ್ನು ಬಲ್ಲ ನಮಗೆ ಇದು ಅಪರಿಚಿತವೇನಲ್ಲ.

ಈಚೆಗೊಂದು ಮೊಹರಮಿನಲ್ಲಿ ಆರ್.ಎಚ್. ಕ್ಯಾಂಪಿನ ಚಹಾದಂಗಡಿಯಲ್ಲಿ ಕುಳಿತಿದ್ದೆ. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿಗಳಿಗೆ ಸರ್ಕಾರ ನೆಲೆ ಕಲ್ಪಿಸಿದ ಸ್ಥಳವದು. ಹುಡುಗನೊಬ್ಬ ಮೊಬೈಲಿನಲ್ಲಿ ರಿವಾಯತವೊಂದನ್ನು ಹಚ್ಚಿ, ಇದು ಮುದಗಲ್ಲಿನ ಮೊಹರಮಿನದು ಎಂದ. ಪಕ್ಕದಲ್ಲಿದ್ದ ಬಂಗಾಳಿ ವೃದ್ಧರು ಕಿವಿಗೊಟ್ಟು ಕೇಳಿದರು. ತಾವು ಹುಟ್ಟಿದ ಊರಿನಲ್ಲೂ ಮುಸಲ್ಮಾನ ನೆರೆಯವರು ಕರ್ಬಲೆಯ ಹಾಡು ಹಾಡುತ್ತಿದ್ದರು, ಅದಕ್ಕೆ ‘ಜಾರಿ ಗಾನ’ ಎನ್ನುತ್ತಿದ್ದೆವು, ಎಂದರು. ‘ಜಾರಿ’ ಎಂಬುದು ಗೋಳನ್ನು ಹೇಳುವ ಪಾರಸಿ ಶಬ್ದದಿಂದ ಬಂದದ್ದು. ಅಂಗೈಯ ಯಂತ್ರವೊಂದು ಕನ್ನಡದ ಹುಡುಗನನ್ನೂ ಬಂಗಾಳದ ವೃದ್ಧರನ್ನೂ ಒಂದು ದುಃಖದಲ್ಲಿ ಕೂಡಿಸಿತ್ತು. ‘ಕವಿ ಯಾರು? ಯಾವೂರ ಮೇಳ?’ ಎಂದು ವೃದ್ಧರು ಕೇಳಿದರು. ಹುಡುಗನಿಗೆ ತಿಳಿಯದು. ಎರಡು ನಿಮಿಷದ ಆ ತುಣುಕು ಅಂಕಿತಕ್ಕೆ ಮೊದಲೇ ಮುಗಿದಿತ್ತು.

ಹುಡುಗನನ್ನು ದೂರಲು ನನಗೆ ಬಾಯಿಲ್ಲ. ಅಧ್ಯಾಪಕನಾಗಿದ್ದಾಗ ನಾನೂ ಟೇಪ್ ರೆಕಾರ್ಡರ್ ಹಿಡಿದು ಹಳ್ಳಿಗಳನ್ನು ಸುತ್ತಿದವನು. ಕ್ಯಾಸೆಟ್ಟು ಉಳಿಯಲೆಂದು ಎಷ್ಟೋ ಕಡೆ ಕೊನೆಯ ನುಡಿಗೆ ಮುಂಚೆಯೇ ಗುಂಡಿ ಒತ್ತಿದೆ. ಕಥೆ ಮುಗಿಯಿತು, ಇನ್ನುಳಿದದ್ದು ಬರಿಯ ಹೆಸರು ಎಂದುಕೊಂಡೆ. ಇಂದು ಆ ಕ್ಯಾಸೆಟ್ಟುಗಳ ಮೇಲೆ ನನ್ನದೇ ಅಕ್ಷರದಲ್ಲಿ ‘ಮೊಹರಂ ಪದ 1’, ‘ಮೊಹರಂ ಪದ 2’ ಎಂದಿದೆ. ಹಾಡಿದವರಲ್ಲಿ ಹಲವರು ತೀರಿಕೊಂಡಿರಬೇಕು. ಆ ದನಿಯನ್ನು ಅವರ ಮಕ್ಕಳಿಗಾದರೂ ಒಪ್ಪಿಸೋಣವೆಂದರೆ, ಯಾರ ಮನೆಯ ಬಾಗಿಲು ತಟ್ಟಬೇಕೋ ತಿಳಿಯದು.

ಹೊಸ ಸಾಧನ ಬಂದೊಡನೆ ಹಳೆಯ ಶಿಸ್ತು ಕೆಡಲೇಬೇಕೆಂದಿಲ್ಲ. 1961ರಲ್ಲಿ ಈಜಿಪ್ಟಿನ ಮಹಮೂದ್ ಖಲೀಲ್ ಅಲ್ ಹುಸರಿಯವರ ಕಂಠದಲ್ಲಿ ಕುರಾನಿನ ಸಂಪೂರ್ಣ ಪಠಣ ಧ್ವನಿಮುದ್ರಿತವಾಯಿತು. 1964ರಲ್ಲಿ ಕೈರೋದಲ್ಲಿ ಕುರಾನಿಗೆಂದೇ ಒಂದು ಬಾನುಲಿ ಕೇಂದ್ರ ಆರಂಭವಾಯಿತು. ಬಳಿಕ ಕ್ಯಾಸೆಟ್ಟು ಬಂತು, ಮೊಬೈಲು ಬಂತು. ಇಂದಿಗೂ ಅಂಥ ಮುದ್ರಿಕೆಗಳ ಮೇಲೆ ‘ಆಸಿಮರಿಂದ ಹಫ್ಸರ ರಿವಾಯತ’ ಎಂದು ಪಠಣದ ಪರಂಪರೆಯನ್ನು ನಮೂದಿಸುವ ಪದ್ಧತಿಯುಂಟು. ಆ ಇಬ್ಬರೂ ಎಂಟನೆಯ ಶತಮಾನದ ಕೂಫಾ ಪಟ್ಟಣದ ಪಠಣಕಾರರು. ಸಾವಿರದ ಇನ್ನೂರು ವರ್ಷಗಳ ಹಿಂದಿನ ಹೆಸರು ಮೊಬೈಲಿನಲ್ಲಿ ಹಿಡಿಸುವುದಾದರೆ, ನಮ್ಮ ಹಳ್ಳಿಯ ಕವಿಯ ಹೆಸರಿಗೆ ಅಲ್ಲಿ ಎಡೆಯಿಲ್ಲವೆ?

ಧರ್ಮವಚನಕ್ಕೂ ಜನಪದ ಹಾಡಿಗೂ ಒಂದೇ ಅಳತೆಗೋಲು ಸಲ್ಲದು ಎಂಬ ಮಾತು ನಿಜ. ಹಾಡು ಬಾಯಿಂದ ಬಾಯಿಗೆ ಬದಲಾಗುತ್ತದೆ, ಬದಲಾಗಲಿ. ಹಾಡಿದವರ ಹೆಸರು ಮಾತ್ರ ಅದರೊಡನೆ ನಡೆಯಲಿ. ಮೊಹರಮಿನ ಪದವನ್ನು ಮೊಬೈಲಿನಲ್ಲಿ ಹಿಡಿಯುವ ತರುಣರು ಕಡೆಯ ನುಡಿಯವರೆಗೂ ಯಂತ್ರವನ್ನು ನಿಲ್ಲಿಸದಿರಲಿ. ಊರು, ಕವಿ, ವರ್ಷ, ಈ ಮೂರನ್ನು ಬರೆದು ಜೊತೆಗೆ ಕಳುಹಿಸಲಿ.

ನಾನೂ ನನ್ನ ಕ್ಯಾಸೆಟ್ಟುಗಳನ್ನು ಹೊತ್ತು ಊರೂರಿಗೆ ಹೋಗಿ ಕೇಳಿಸತೊಡಗಿದ್ದೇನೆ. ಇದುವರೆಗೆ ಗುರುತು ಸಿಕ್ಕಿರುವುದು ಒಂದೇ ದನಿಗೆ. ಗುರುತಿಸಿದವಳು ಹಾಡಿದವರ ಮೊಮ್ಮಗಳು. ಅಲ್ಲಿಯೇ ಕುಳಿತು ಕ್ಯಾಸೆಟ್ಟಿನ ಮೇಲೆ ಅವರ ಹೆಸರು ಬರೆದು ಬಂದೆ.