ನೆಲದಲ್ಲಿ ನೀರಿದ್ದರೂ ತೊಗರಿ ಒಣಗಿದ್ದೇಕೆ?

ಮಕ್ಕಳೇ, ತೊಗರಿ ಹೊಲ ಹಳದಿ ಹೂ ಬಿಟ್ಟು ನಿಂತಾಗ ನೋಡಿದ್ದೀರಾ? ಅದರ ನಡುವೆ ಒಮ್ಮೊಮ್ಮೆ ಒಂದೊಂದು ಗಿಡ ತಲೆ ಬಾಗಿಸಿ ಒಣಗತೊಡಗುತ್ತದೆ. ಅಕ್ಕಪಕ್ಕದ ಗಿಡಗಳು ಹಸಿರಾಗಿವೆ, ನೆಲದಲ್ಲಿ ತೇವವೂ ಇದೆ. ಮತ್ತೆ ಈ ಒಂದು ಗಿಡಕ್ಕೆ ಮಾತ್ರ ನೀರು ಸಿಗಲಿಲ್ಲವೇಕೆ?

ಇದಕ್ಕೆ ನಮ್ಮ ರೈತರು ನೆಟೆ ರೋಗ ಎನ್ನುತ್ತಾರೆ. ಒಣಗಿದ ಗಿಡದ ಕಾಂಡವನ್ನು ಸೀಳಿದರೆ ಒಳಗೆ ಕಪ್ಪು ಗೆರೆಗಳು ಕಾಣುತ್ತವೆ. ಬೇರಿನಿಂದ ಎಲೆಗೆ ನೀರು ಏರಿಸುವ ಸಣ್ಣ ಕೊಳವೆಗಳು ಅಲ್ಲಿ ಕೆಟ್ಟುಹೋಗಿವೆ. ಕೆಡಿಸಿದ್ದು ಫ್ಯುಸೇರಿಯಂ ಉಡಮ್ ಎಂಬ ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿಯ ಜೀವಿ. ಅದು ಮಣ್ಣಿನಲ್ಲಿರುತ್ತದೆ, ಬೇರಿನ ಮೂಲಕ ಒಳಹೊಕ್ಕು ಕೊಳವೆಗಳನ್ನು ಮುಚ್ಚಿಬಿಡುತ್ತದೆ. ಬೆಳೆ ಕೊಯ್ದ ಮೇಲೂ ಹೊಲದಲ್ಲಿ ಉಳಿದ ಕೂಳೆಯಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ.

ಈ ರೋಗಕ್ಕೆ ರಾಜ್ಯಗಳ ಗಡಿ ಗೊತ್ತಿಲ್ಲ. 1956ರ ತನಕ ತಾಂಡೂರು ಕಲಬುರಗಿ ಜಿಲ್ಲೆಯಲ್ಲಿತ್ತು. ಜಹೀರಾಬಾದ್, ನಾರಾಯಣಖೇಡ ಬೀದರ್ ಜಿಲ್ಲೆಯಲ್ಲಿದ್ದವು. ಈಗ ಮೂರೂ ತೆಲಂಗಾಣದಲ್ಲಿವೆ. ಆದರೂ ಅಲ್ಲಿ ಕನ್ನಡ ಮಾತಾಡುವ ಮನೆಗಳಿವೆ, ತಾಂಡೂರಿನ ಕಾಗಿಣಾ ಹೊಳೆ ಕರ್ನಾಟಕದ ಸೇಡಂ ಕಡೆಗೇ ಹರಿದು ಬರುತ್ತದೆ. ಎರಡೂ ಕಡೆಯ ಹೆಮ್ಮೆ ತೊಗರಿ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ, ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ, ಅಂದರೆ ಜಿಐ ಟ್ಯಾಗ್ ಸಿಕ್ಕಿತು.

ಹಾಗಾದರೆ ಈ ರೋಗಕ್ಕೆ ಮದ್ದೇನು? ಜಹೀರಾಬಾದಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಪಟಾನ್‌ಚೆರು ಸಿಗುತ್ತದೆ. ಅಲ್ಲಿ 1972ರಲ್ಲಿ ಶುರುವಾದ ಇಕ್ರಿಸ್ಯಾಟ್ ಎಂಬ ಸಂಶೋಧನಾ ಸಂಸ್ಥೆಯಿದೆ. ಅಲ್ಲಿನ ಸಸ್ಯರೋಗ ತಜ್ಞ ವೈ.ಎಲ್. ನೆನೆ ಮತ್ತು ಅವರ ಜೊತೆಗಾರರು ಬೇಕೆಂದೇ ರೋಗ ತುಂಬಿದ ಹೊಲಗಳನ್ನು ಸಿದ್ಧಮಾಡಿ, ಬಗೆಬಗೆಯ ತೊಗರಿಯನ್ನು ಬಿತ್ತಿ ನೋಡಿದರು. ಹೆಚ್ಚಿನವು ಸತ್ತವು, ಕೆಲವು ಗಟ್ಟಿಯಾಗಿ ನಿಂತವು. ಹಾಗೆ ಉಳಿದವುಗಳಲ್ಲಿ ಮಹಾರಾಷ್ಟ್ರದ ದೇಸಿ ತೊಗರಿಯಿಂದ ಆರಿಸಿದ ಒಂದು ತಳಿಯೂ ಇತ್ತು. 1986ರಲ್ಲಿ ಕರ್ನಾಟಕದಲ್ಲಿ ಅದು ‘ಮಾರುತಿ’ ಎಂಬ ಹೆಸರಿನಲ್ಲಿ ರೈತರ ಕೈ ಸೇರಿತು.

ಕಥೆ ಇಲ್ಲಿಗೇ ಮುಗಿಯಿತು ಅಂದುಕೊಂಡಿರಾ? ಇಲ್ಲ. ಮಾರುತಿ ನೆಟೆ ರೋಗವನ್ನು ಗೆದ್ದಿತು, ಆದರೆ ಗೊಡ್ಡು ರೋಗಕ್ಕೆ ಸೋತಿತು. ಗೊಡ್ಡು ರೋಗ ತಗಲಿದ ಗಿಡ ಹಸಿರಾಗಿಯೇ ಇರುತ್ತದೆ. ಆದರೆ ಹೂವಿಲ್ಲ, ಕಾಯಿಲ್ಲ. ಈ ರೋಗದ ಸುದ್ದಿ 1931ರಲ್ಲೇ ದಾಖಲಾಗಿದ್ದರೂ, ಅದು ಒಂದು ವೈರಸ್ಸಿನ ಕೆಲಸ ಎಂದು ಖಚಿತವಾಗಲು ಸುಮಾರು 70 ವರ್ಷ ಹಿಡಿಯಿತು. ವೈರಸ್ಸನ್ನು ಗಿಡದಿಂದ ಗಿಡಕ್ಕೆ ಹೊರುವುದು ಬರಿಗಣ್ಣಿಗೆ ಕಾಣದಷ್ಟು ಸಣ್ಣ ನುಸಿ. ಯಾವ ತಳಿ ಇದನ್ನು ತಡೆಯುತ್ತದೆ ಎಂದು ತಿಳಿಯಲು ವಿಜ್ಞಾನಿಗಳು ಒಂದು ಸರಳ ಉಪಾಯ ಕಂಡುಕೊಂಡರು. ರೋಗದ ಎಲೆಯನ್ನು ಎಳೆಯ ಗಿಡದ ಎಲೆಗೆ ಸ್ಟೇಪ್ಲರ್‌ನಿಂದ ಚುಚ್ಚಿ ಅಂಟಿಸುವುದು! ಆ ಎಲೆ ಒಣಗುತ್ತಿದ್ದಂತೆ ನುಸಿಗಳು ಹೊಸ ಎಲೆಗೆ ದಾಟುತ್ತವೆ. ಹೀಗೆ ಪರೀಕ್ಷಿಸುತ್ತಾ ಹೋಗಿ, ಎರಡೂ ರೋಗ ತಡೆಯುವ ‘ಆಶಾ’ ತಳಿ 1993ರಲ್ಲಿ ಬಂತು. 2011ರಲ್ಲಿ ಇದೇ ಆಶಾ ತೊಗರಿಯ ವಂಶವಾಹಿಗಳ, ಅಂದರೆ ಜೀನ್‌ಗಳ, ಬಹುಪಾಲು ಬರಹವನ್ನು ವಿಜ್ಞಾನಿಗಳು ಯಂತ್ರ ಮತ್ತು ಕಂಪ್ಯೂಟರ್‌ಗಳ ನೆರವಿನಿಂದ ಓದಿದರು. ಅದರಲ್ಲಿ 48,680 ಜೀನ್‌ಗಳನ್ನು ಗುರುತಿಸಿದರು.

ಆದರೆ ಬೀಜ ಒಂದೇ ಸಾಲದು. ಕಪ್ಪು ಮಣ್ಣಿನಲ್ಲಿ ಮಳೆನೀರು ನಿಂತರೂ ತೊಗರಿ ಕೊಳೆಯುತ್ತದೆ. ಹಾಗಾಗಿ ಎಂಜಿನಿಯರ್‌ಗಳು ಬಂದರು. ಅಗಲವಾದ ಎತ್ತರದ ಮಡಿ, ಅದರ ಪಕ್ಕದಲ್ಲಿ ನೀರು ಹರಿಯಲು ಕಾಲುವೆ ಮಾಡುವ ವಿಧಾನವನ್ನೂ, ಎತ್ತು ಎಳೆಯುವ ಸಲಕರಣೆಯನ್ನೂ ರೂಪಿಸಿದರು. ಜೋಳದ ಜೊತೆ ಬೆಳೆದ ತೊಗರಿಯಲ್ಲಿ ನೆಟೆ ರೋಗ ಕಡಿಮೆ ಎಂದು ಇಕ್ರಿಸ್ಯಾಟ್‌ನ ಪ್ರಯೋಗಗಳು ತೋರಿಸಿದವು. ಈ ಜೊತೆ ಬೆಳೆಯನ್ನು ನಮ್ಮ ಅಜ್ಜಿಯರು ಅಕ್ಕಡಿ ಸಾಲು ಹಾಕುತ್ತಾ ಮೊದಲಿನಿಂದಲೂ ಮಾಡಿಕೊಂಡು ಬಂದವರು!

ಜಹೀರಾಬಾದಿನ ಹಳ್ಳಿಗಳಲ್ಲಿ ಈ ತಿಳಿವಳಿಕೆಯನ್ನು ಕಾಪಾಡಿದವರು ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘದವರು. ಒಂದೇ ಹೊಲದಲ್ಲಿ ಹಲವು ಬೆಳೆ ಬೆಳೆದು, ಬೀಜವನ್ನು ಮನೆಯಲ್ಲೇ ಉಳಿಸಿಕೊಂಡರು. ಈ ಸಂಸ್ಥೆಯನ್ನು ಕಟ್ಟಿದವರಲ್ಲಿ ಮೈಸೂರಿನಲ್ಲಿ ಹುಟ್ಟಿದ ಪಿ.ವಿ. ಸತೀಶ್ ಒಬ್ಬರು. ಟೀವಿ ಕಾರ್ಯಕ್ರಮ ಮಾಡುತ್ತಿದ್ದ ಅವರು ಮುಂದೆ ಈ ಹೆಂಗಸರ ಜೊತೆ ಕೆಲಸ ಮಾಡಿದರು. 2008ರಲ್ಲಿ ಮಾಚನೂರು ಎಂಬ ಹಳ್ಳಿಯಿಂದ ಈ ಮಹಿಳೆಯರದ್ದೇ ‘ಸಂಘಂ ರೇಡಿಯೋ’ ಶುರುವಾಯಿತು. ಹೊಲದ ಅನುಭವ ಗಾಳಿಯಲ್ಲಿ ಹೊರಟು ಊರೂರಿನ ಮನೆಗಳಿಗೆ ತಲುಪಿತು.

ಈಗ ಎಣಿಸಿ ನೋಡಿ. ಒಂದು ತೊಗರಿ ಗಿಡಕ್ಕಾಗಿ ಶಿಲೀಂಧ್ರ ಬಲ್ಲವರು, ವೈರಸ್ ಬಲ್ಲವರು, ತಳಿ ಬೆಳೆಸುವವರು, ಎಂಜಿನಿಯರ್, ಕಂಪ್ಯೂಟರ್ ಬಲ್ಲವರು, ರೇಡಿಯೋದವರು, ಹೊಲದ ಅಜ್ಜಿ, ಇಷ್ಟೂ ಜನ ಬೇಕಾದರು. ಶಾಲೆಯಲ್ಲಿ ನಮಗೆ ಒಂದೊಂದು ವಿಷಯಕ್ಕೆ ಒಂದೊಂದು ಪುಸ್ತಕ. ಹೊಲದ ಕಷ್ಟ ಹಾಗೆ ಪುಸ್ತಕ ನೋಡಿಕೊಂಡು ಬರುವುದಿಲ್ಲ. ವಿಷಯಗಳ ಬೇಲಿ ದಾಟಿ, ಕಷ್ಟ ಉಂಡವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಹುಡುಕುವುದಕ್ಕೆ ದೊಡ್ಡವರು ಜ್ಞಾನಶಿಸ್ತುಗಳ ಗಡಿ ದಾಟಿದ ಸಂಶೋಧನೆ ಎನ್ನುತ್ತಾರೆ.

ನೀವೂ ಒಂದು ಪ್ರಯೋಗ ಮಾಡಿ. ಎರಡು ಲೋಟ ನೀರಿಗೆ ಕೆಂಪು ಶಾಯಿ ಬೆರೆಸಿ, ಒಂದೊಂದರಲ್ಲಿ ಒಂದು ಬಿಳಿ ಸೇವಂತಿಗೆಯ ಕಡ್ಡಿ ಇಡಿ. ಎರಡನೆಯದರ ತುದಿಗೆ ಮೊದಲೇ ದೊಡ್ಡವರ ಕೈಯಿಂದ ಮೇಣ ಹಚ್ಚಿಸಿ ಮುಚ್ಚಿಸಿರಿ. ಮರುದಿನ ಮೊದಲ ಹೂವಿನ ಎಸಳುಗಳಿಗೆ ಕೆಂಪು ಏರಿರುತ್ತದೆ. ಎರಡನೆಯದು ನೀರಿನಲ್ಲೇ ಇದ್ದೂ ಬಾಡತೊಡಗಿರುತ್ತದೆ. ತೊಗರಿ ಗಿಡಕ್ಕೆ ಆಗಿದ್ದೂ ಇದೇ. ಆಮೇಲೆ ಮನೆಯಲ್ಲಿ ಅಜ್ಜಿಯ ಹತ್ತಿರ ಕುಳಿತು ಕೇಳಿ: “ಅಜ್ಜಿ, ತೊಗರಿ ಜೊತೆ ನೀವು ಏನೇನು ಬಿತ್ತುತ್ತಿದ್ದಿರಿ?” ಅವರು ಹೇಳಿದ್ದನ್ನು ನಿಮ್ಮ ವಿಜ್ಞಾನದ ನೋಟ್‌ಬುಕ್‌ನಲ್ಲೇ ಬರೆದಿಡಿ.