ನ್ಯಾಯಶಾಸ್ತ್ರದ ಓದಿಗೆ ಯಾವ ವಿಶ್ವವಿದ್ಯಾನಿಲಯ?



ಪ್ರತಿ ವರ್ಷವೂ ದಸರಾ ರಜೆಯಲ್ಲಿ ನನ್ನ ಮನೆಯ ಬಾಗಿಲಿಗೆ ಒಂದು ಬಗೆಯ ಅತಿಥಿಗಳು ಬರುವುದುಂಟು. ತಂದೆಯ ಕೈಯಲ್ಲಿ ಕಾಗದಗಳ ಕಟ್ಟು, ಹಿಂದೆ ಮೌನವಾಗಿ ನಿಂತ ಮಗನೋ ಮಗಳೋ. ಹೀಗೆ ಬಂದವರಲ್ಲಿ ಹಾಸನದ ಕಡೆಯ ಬ್ಯಾಂಕು ಗುಮಾಸ್ತರೊಬ್ಬರು ಹನ್ನೆರಡು ವಿಶ್ವವಿದ್ಯಾನಿಲಯಗಳ ಹೆಸರು ಬರೆದ ಪಟ್ಟಿಯೊಂದನ್ನು ನನ್ನ ಮುಂದಿಟ್ಟು, "ಇವುಗಳಲ್ಲಿ ಯಾವುದು ಒಳ್ಳೆಯದು, ಸ್ವಾಮಿ?" ಎಂದು ಕೇಳಿದರು. ನಾನು ಮಗಳ ಕಡೆ ತಿರುಗಿ, "ಓದಿ ಏನು ಮಾಡಬೇಕೆಂದಿದ್ದೀಯಮ್ಮ?" ಎಂದೆ. ಆಕೆ ತಡೆಯದೆ ಉತ್ತರವಿತ್ತಳು: "ನಮ್ಮಜ್ಜಿಯ ಜಮೀನಿನ ದಾವೆ ಹದಿನೆಂಟು ವರ್ಷ ನಡೆಯಿತು, ಸಾರ್. ವಕೀಲರು ಏನು ಹೇಳುತ್ತಿದ್ದಾರೆಂದು ಅಜ್ಜಿಗೆ ಒಂದು ದಿನವೂ ತಿಳಿಯಲಿಲ್ಲ. ನಾನು ಜಿಲ್ಲಾ ಕೋರ್ಟಿನಲ್ಲಿ ವಕೀಲಳಾಗಬೇಕು." ತಂದೆಗೆ ಈ ಮಾತು ಅಷ್ಟಾಗಿ ರುಚಿಸಲಿಲ್ಲ. ಸಾಲ ತೆಗೆದು ಓದಿಸತಕ್ಕವರು ಅವರು. ದೊಡ್ಡ ಕಂಪೆನಿಯ ಸಂಬಳದ ಮೇಲೆ ಅವರ ಕಣ್ಣು.

ಹಿಂದಿನ ಕಾಲದಲ್ಲಿ ಈ ತೊಡಕು ಇರಲಿಲ್ಲ, ಆಯ್ಕೆಯೇ ಇರಲಿಲ್ಲವಾದುದರಿಂದ. ನಮ್ಮ ಸೀಮೆಯಿಂದ ನ್ಯಾಯಶಾಸ್ತ್ರಕ್ಕೆ ಹೊರಟವನು ಮದರಾಸಿಗೋ ಪುಣೆಗೋ ಮುಂಬಯಿಗೋ ಹೋಗಬೇಕಾಗಿತ್ತು. ಮುಂಬಯಿಯ ಸರ್ಕಾರಿ ಕಾಲೇಜು 1855ರದು. ಬೆಳಗಾವಿಯಲ್ಲಿ 1939ರಲ್ಲಿಯೂ, ಬೆಂಗಳೂರಿನಲ್ಲಿ 1948ರಲ್ಲಿಯೂ ಕಾನೂನು ಕಾಲೇಜುಗಳು ತೆರೆದವು. ಬೆಂಗಳೂರಿನಲ್ಲಿಯೇ ರಾಷ್ಟ್ರೀಯ ಕಾನೂನು ಶಾಲೆಯು 1988ರಲ್ಲಿ ಮೊದಲ ತಂಡದ ವಿದ್ಯಾರ್ಥಿಗಳನ್ನು ಸೇರಿಸಿಕೊಂಡು ಐದು ವರ್ಷದ ಓದಿಗೆ ಹೊಸ ದಾರಿ ತೋರಿದ ಮೇಲೆ ಅದೇ ಮಾದರಿಯವು ದೇಶದಾದ್ಯಂತ ಹುಟ್ಟಿಕೊಂಡವು. ರಾಜ್ಯದ ಕಾನೂನು ಕಾಲೇಜುಗಳಿಗೆಲ್ಲ ಒಂದು ವಿಶ್ವವಿದ್ಯಾನಿಲಯವು ಹುಬ್ಬಳ್ಳಿಯಲ್ಲಿ 2009ರಲ್ಲಿ ಸ್ಥಾಪಿತವಾಯಿತು.

ಅವರ ಪಟ್ಟಿಯಲ್ಲಿದ್ದ ಮೊದಲ ತಪ್ಪು ಬಹು ಜನರು ಮಾಡುವಂಥದೇ. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾನಿಲಯಗಳಿಗೆ ಒಂದೊಂದಕ್ಕೂ ಬೇರೆಬೇರೆ ಅರ್ಜಿ ಹಾಕಬೇಕೆಂದು ಅವರು ತಿಳಿದಿದ್ದರು. 2008ರಿಂದೀಚೆಗೆ ಕ್ಲ್ಯಾಟ್ ಎಂಬ ಒಂದೇ ಪರೀಕ್ಷೆ ಅವುಗಳಲ್ಲಿ ಬಹುಪಾಲಿಗೆ ಬಾಗಿಲು. ಎರಡು ಗಂಟೆಯ ಕಾಲ, 120 ಪ್ರಶ್ನೆಗಳು, ತಪ್ಪುತ್ತರಕ್ಕೆ ಕಾಲು ಅಂಕ ನಷ್ಟ. ದೆಹಲಿಯದು ಮಾತ್ರ ಐಲೆಟ್ ಎಂಬ ತನ್ನದೇ ಪರೀಕ್ಷೆ ನಡೆಸುತ್ತದೆ. ಆದುದರಿಂದ ಇಲ್ಲಿ ವಿಚಾರ ಮಾಡಬೇಕಾದುದು ಅರ್ಜಿಯ ಸಂಖ್ಯೆಯನ್ನಲ್ಲ, ಇಚ್ಛೆಯ ಅನುಕ್ರಮವನ್ನು. ಯಾವುದು ಮೊದಲು, ಯಾವುದು ಎರಡನೆಯದು ಎಂದು ಬರೆದುಕೊಡುವಾಗ ಕೈತಪ್ಪಿದರೆ, ಒಳ್ಳೆಯ ಅಂಕ ಪಡೆದೂ ಮನಸ್ಸಿಲ್ಲದ ಊರಿನಲ್ಲಿ ಐದು ವರ್ಷ ಕಳೆಯಬೇಕಾದೀತು.

ಎರಡನೆಯ ತಪ್ಪು ಇದಕ್ಕಿಂತ ದುಬಾರಿಯಾದುದು. ಕರ್ನಾಟಕದಲ್ಲಿ ಹತ್ತು ವರ್ಷಕ್ಕೆ ಕಡಿಮೆಯಿಲ್ಲದೆ ಓದಿದ ವಿದ್ಯಾರ್ಥಿಗಳಿಗೆ ಬೆಂಗಳೂರಿನ ರಾಷ್ಟ್ರೀಯ ಶಾಲೆಯು ನೂರಕ್ಕೆ ಇಪ್ಪತ್ತೈದರಷ್ಟು ಸ್ಥಾನಗಳನ್ನು ಕಾಯ್ದಿರಿಸಿದೆ. ಈ ಹುಡುಗಿ ಒಂದನೆಯ ತರಗತಿಯಿಂದ ಪಿಯುಸಿಯವರೆಗೆ ಹಾಸನದಲ್ಲಿಯೇ ಓದಿದವಳು. ಅರ್ಜಿಯ ಆ ಅಂಕಣವನ್ನೋ ಖಾಲಿ ಬಿಟ್ಟಿದ್ದರು! ಅದೇನೋ ಬೇರೆಯವರಿಗೆ ಸಂಬಂಧಿಸಿದ್ದೆಂದು ಭಾವಿಸಿದರಂತೆ.

ಇನ್ನು ಖಾಸಗಿ ಸಂಸ್ಥೆಗಳ ಮಾತು. ಹೊಳೆಯುವ ಕಾಗದದ ಮೇಲೆ ಅಚ್ಚಾದ ಕಟ್ಟಡಗಳ ಚಿತ್ರವನ್ನು ನೋಡಿ ಕಾಲೇಜನ್ನು ಆರಿಸುವುದು ಮದುವೆಯ ಮಂಟಪವನ್ನು ನೋಡಿ ಅಳಿಯನನ್ನು ಆರಿಸಿದಂತೆ. ನಾನು ಕೇಳಹೇಳಿದ್ದು ಇಷ್ಟು: ಭಾರತೀಯ ವಕೀಲರ ಪರಿಷತ್ತಿನ ಅನುಮೋದನೆ ಆ ವರ್ಷಕ್ಕೆ ಉಂಟೇ? ಖಾಯಂ ಅಧ್ಯಾಪಕರೆಷ್ಟು ಮಂದಿ, ವರ್ಷಕ್ಕೊಮ್ಮೆ ಬಿಟ್ಟುಹೋಗುವವರೆಷ್ಟು? ಗ್ರಂಥಾಲಯ ರಾತ್ರಿ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ? ಪರಿಷತ್ತಿನ ನಿಯಮದಂತೆ ಪ್ರತಿ ವಿಷಯದಲ್ಲಿಯೂ ನೂರಕ್ಕೆ ಎಪ್ಪತ್ತು ಹಾಜರಿ ಬೇಕು. ತರಗತಿಗೆ ಬಾರದಿದ್ದರೂ ನಡೆಯುತ್ತದೆ ಎಂದು ಯಾವ ಕಾಲೇಜಿನ ದಲ್ಲಾಳಿಯಾದರೂ ಹೇಳಿದರೆ ಅಲ್ಲಿಂದ ಎದ್ದುಬರುವುದು ಕ್ಷೇಮ. ಅಂಚೆಯ ಮೂಲಕ ಪಡೆದ ಕಾನೂನು ಪದವಿಯಿಂದ ವಕೀಲರ ಪಟ್ಟಿಯಲ್ಲಿ ಹೆಸರು ನೊಂದಾಯಿಸಲಾಗುವುದಿಲ್ಲವೆಂಬುದನ್ನೂ ನೆನಪಿಡತಕ್ಕದ್ದು.

ತಂದೆಯ ಚಿಂತೆಯನ್ನು ನಾನು ಹಗುರವಾಗಿ ಕಾಣಲಿಲ್ಲ. ರಾಷ್ಟ್ರೀಯ ಶಾಲೆಗಳಲ್ಲಿ ಐದು ವರ್ಷದ ವೆಚ್ಚ ಹಲವು ಲಕ್ಷಗಳಾಗುತ್ತದೆ. ದೊಡ್ಡ ಸಾಲ ಹೊತ್ತು ಹೊರಬಂದ ವಿದ್ಯಾರ್ಥಿಯು ಜಿಲ್ಲಾ ನ್ಯಾಯಾಲಯದಲ್ಲಿ ಹಿರಿಯ ವಕೀಲರ ಕೈಕೆಳಗೆ ಅಲ್ಪ ಸಂಭಾವನೆಗೆ ದುಡಿಯಲಾರನು. ಮನಸ್ಸಿರಲಿ ಇಲ್ಲದಿರಲಿ ಕಂತು ಅವನನ್ನು ಕಂಪೆನಿಯ ಕಡೆಗೆ ಎಳೆಯುತ್ತದೆ. ಇಂಥವರನ್ನು ನಾನು ಕಂಡಿದ್ದೇನೆ. ನ್ಯಾಯಾಧೀಶರಾಗುವ ಆಸೆಯಿಂದ ಓದುವವರಿಗೂ ಇದೇ ಲೆಕ್ಕ: ಮೊದಲ ಹಂತದ ನ್ಯಾಯಾಧೀಶರ ಪರೀಕ್ಷೆಗೆ ಮೂರು ವರ್ಷದ ವಕೀಲಿ ಅವಶ್ಯವೆಂದು ಸರ್ವೋಚ್ಚ ನ್ಯಾಯಾಲಯವು 2025ರ ಮೇ ತಿಂಗಳಲ್ಲಿ ತೀರ್ಪಿತ್ತಿತು. ಆ ವರ್ಷಗಳಲ್ಲಿ ಊಟಕ್ಕೇನು ಎಂಬ ಪ್ರಶ್ನೆಯನ್ನು ಸೇರುವ ಮೊದಲೇ ಕೇಳಿಕೊಳ್ಳಬೇಕು.

ಭಾಷೆಯ ವಿಚಾರವೂ ಒಂದುಂಟು. ಉಚ್ಚ ನ್ಯಾಯಾಲಯದ ಭಾಷೆ ಇಂಗ್ಲಿಷ್. ಜಿಲ್ಲೆ, ತಾಲ್ಲೂಕುಗಳಲ್ಲಿ ಸಾಕ್ಷಿ ಮಾತನಾಡುವುದು ಕನ್ನಡ. ದೂರದ ಊರಿನಲ್ಲಿ ಐದು ವರ್ಷ ಇಂಗ್ಲಿಷಿನಲ್ಲಿಯೇ ವಾದಿಸಲು ಕಲಿತವನು ರೈತನೊಬ್ಬನ ಪಾಟಿಸವಾಲಿಗೆ ನಿಂತು ತಡವರಿಸುವುದನ್ನು ನೋಡಿದರೆ ಮರುಕವಾಗುತ್ತದೆ. ನಾನು ಇಂಗ್ಲಿಷಿನಲ್ಲಿಯೇ ಓದಿದವನು, ಅದರ ಮೇಲೆ ನನಗೆ ದ್ವೇಷವಿಲ್ಲ. ಆದರೆ ಈ ಹುಡುಗಿಯ ಅಜ್ಜಿಗೆ ಬೇಕಾಗಿದ್ದುದು ಬೇರೆ.

ಒಂದು ಗಂಟೆಯ ಹೊತ್ತು ಮಾತಾಡಿದ ಮೇಲೆ ಹನ್ನೆರಡರ ಪಟ್ಟಿ ನಾಲ್ಕಕ್ಕೆ ಇಳಿಯಿತು. ಬೆಂಗಳೂರಿನ ರಾಷ್ಟ್ರೀಯ ಶಾಲೆ ಮೊದಲು, ಕರ್ನಾಟಕದ ಸ್ಥಾನಗಳ ಅಂಕಣ ತುಂಬಿಸಿ. ಸಾಲದ ಮಿತಿಯೊಳಗೆ ಬರುವ ಇನ್ನೆರಡು ರಾಷ್ಟ್ರೀಯ ಶಾಲೆಗಳು ಆಮೇಲೆ. ಅವು ಕೈಗೂಡದಿದ್ದರೆ ಹುಬ್ಬಳ್ಳಿಯ ವಿಶ್ವವಿದ್ಯಾನಿಲಯಕ್ಕೆ ಸೇರಿದ, ಬೆಂಗಳೂರಿನ ಹಳೆಯ ಕಾಲೇಜೊಂದು. ಮೂರನೆಯ ರಾಷ್ಟ್ರೀಯ ಶಾಲೆಗಿಂತ ಈ ಕಾಲೇಜೇ ಮೇಲಲ್ಲವೇ ಎಂದು ಹುಡುಗಿ ಕೇಳಿದಳು. ಕೋರ್ಟು ನಡೆದುಹೋಗುವಷ್ಟು ಹತ್ತಿರ, ಬೆಳಗಿನ ತರಗತಿ ಮುಗಿಸಿ ಅಲ್ಲಿಗೆ ಹೋಗಿ ಕೂರಬಹುದು ಎಂಬುದು ಅವಳ ಯುಕ್ತಿ. ನನಗೆ ಸರಿಯೆಂದೇ ತೋರಿತು. ತಂದೆ ಒಪ್ಪಲಿಲ್ಲ, ನಿರಾಕರಿಸಲೂ ಇಲ್ಲ; ಎರಡು ಕಡೆಯ ಶುಲ್ಕದ ವಿವರವನ್ನು ಒಂದೇ ಹಾಳೆಯ ಮೇಲೆ ಬರೆದುಕೊಂಡು, ಮನೆಯಲ್ಲಿ ಕೇಳಿ ಹೇಳುತ್ತೇನೆಂದು ಹೊರಟರು.