ಕತ್ತರಿಗೆ ಸಿಗದಂತೆ ಸತ್ಯವನ್ನಿಡಿ

(ಸಾಮಾಜಿಕ ಜಾಲತಾಣಗಳಲ್ಲಿ ಅಭಿಯಾನ ನಡೆಸುವ ಯುವ ಕಾರ್ಯಕರ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)



ಪೋಸ್ಟರ್ ಸಿದ್ಧವಾದೊಡನೆ ನಾವೆಲ್ಲರೂ ಕೇಳುವ ಪ್ರಶ್ನೆ, ‘ನೋಡಲು ಚೆನ್ನಾಗಿದೆಯೇ?’ ಎಂಬುದು. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ನಮ್ಮ ಕೈದಾಟಿ, ಯಾರದೋ ಕೈಯಲ್ಲಿ ತುಂಡಾದ ಮೇಲೆ ಇದು ಏನು ಹೇಳುತ್ತದೆ?

ಕರಾಚಿಯ ರೋಶ್ನಿ ಹೆಲ್ಪ್‌ಲೈನ್ ಎಂಬ ಸಂಸ್ಥೆ 2016ರಲ್ಲಿ ಮಕ್ಕಳ ಸುರಕ್ಷತೆಗಾಗಿ ಒಂದು ಕಿರುಚಿತ್ರ ಹೊರತಂದಿತು. ಬೈಕಿನಲ್ಲಿ ಬಂದವರು ಬೀದಿಯಲ್ಲಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಮರಳಿ ಬಂದು ಮಗುವನ್ನು ಬಿಟ್ಟು, ಜಾಗೃತಿಯ ಫಲಕ ತೋರಿಸುತ್ತಾರೆ. 2018ರಲ್ಲಿ ಆ ಕೊನೆಯ ಭಾಗವನ್ನು ಕತ್ತರಿಸಿದ ದೃಶ್ಯ, ಮಕ್ಕಳ ಕಳ್ಳರ ನೈಜ ಚಿತ್ರವೆಂಬ ಹೆಸರಿನಲ್ಲಿ ಭಾರತದಲ್ಲಿ ಹರಿದಾಡಿತು. ಎಲ್ಲ ಅನಾಹುತಕ್ಕೂ ಆ ತುಣುಕೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ಆದರೆ ಅಂತಹ ವದಂತಿಗಳ ನಡುವೆಯೇ, ಆ ವರ್ಷದ ಜುಲೈಯಲ್ಲಿ, ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವ ಇಂಜಿನಿಯರ್ ಒಬ್ಬರನ್ನು ಗುಂಪೊಂದು ಹೊಡೆದು ಕೊಂದಿತು. ವಾಟ್ಸ್‌ಆ್ಯಪ್ ಭಾರತದಲ್ಲಿ ಫಾರ್ವರ್ಡ್ ಮಿತಿಯನ್ನು ಐದು ಚಾಟ್‌ಗಳಿಗೆ ಇಳಿಸಿದ್ದು ಅದೇ ತಿಂಗಳಲ್ಲಿ.

ಅಪರಾಧ ಕತ್ತರಿಸಿದವರದು, ಸಂದೇಹವಿಲ್ಲ. ಆದರೆ ವಿನ್ಯಾಸ ಮಾಡುವವರಿಗೆ ಇಲ್ಲೊಂದು ಪಾಠವಿದೆ. ಅರ್ಥವನ್ನು ಕೊನೆಗೆ ಅಥವಾ ಅಂಚಿಗೆ ತಳ್ಳಿದರೆ ಅದನ್ನು ಕಿತ್ತೆಸೆಯುವುದು ಸುಲಭ. ಆದ್ದರಿಂದ ಸಂಸ್ಥೆಯ ಹೆಸರು, ದಿನಾಂಕ ಮತ್ತು ‘ಇದು ಜಾಗೃತಿಗಾಗಿ ಚಿತ್ರಿಸಿದ ದೃಶ್ಯ’ ಎಂಬ ಮಾತು ವೀಡಿಯೋದ ಉದ್ದಕ್ಕೂ ಕಾಣುತ್ತಿರಲಿ. ಪೋಸ್ಟರಿನಲ್ಲಿ ಮುಖ್ಯ ವಿಷಯಕ್ಕೆ ಅಂಟಿಕೊಂಡಿರಲಿ.

ನಮ್ಮ ಊರುಗಳಲ್ಲಿ ಪದೇ ಪದೇ ಬರುವ ರಕ್ತದ ಕೋರಿಕೆಯನ್ನೇ ನೋಡಿ. ದಿನಾಂಕವಿಲ್ಲದ ಪೋಸ್ಟರ್ ತಿಂಗಳುಗಟ್ಟಲೆ ತಿರುಗಬಲ್ಲದು. ರೋಗಿ ಮನೆಗೆ ಮರಳಿದರೂ, ಮರಣ ಹೊಂದಿದರೂ ಕುಟುಂಬಕ್ಕೆ ಕರೆ ಬರುವುದು ನಿಲ್ಲದು. ಹೀಗೆ ನಾಲ್ಕು ಬಾರಿ ಮೋಸಹೋದವರು ಐದನೆಯ ನಿಜವಾದ ಕರೆಗೆ ಓಗೊಡುವರೇ? ಆದುದರಿಂದ ಮೊದಲು ರಕ್ತದ ಗುಂಪು ಅತಿ ದೊಡ್ಡ ಅಕ್ಷರದಲ್ಲಿರಲಿ. ಅದರ ಕೆಳಗೆ ಆಸ್ಪತ್ರೆ ಮತ್ತು ಊರು. ಅನಂತರ ಎಂದಿನವರೆಗೆ ಬೇಕೆಂಬ ದಿನಾಂಕ. ದೂರವಾಣಿ ಸಂಖ್ಯೆಯನ್ನು ಚಿತ್ರದ ಜೊತೆಗೆ ಬರಹದಲ್ಲಿಯೂ ಕೊಡಿ. ಆಗ ಒತ್ತಿದೊಡನೆ ಕರೆ ಹೋಗುತ್ತದೆ. ಅಂಧರ ಫೋನಿನ ತಂತ್ರಾಂಶವೂ ಅದನ್ನು ಓದಿ ಹೇಳುತ್ತದೆ. ಅಗತ್ಯ ಪೂರೈಸಿದಾಗ ಅದನ್ನು ತಿಳಿಸುವುದೂ ನಮ್ಮದೇ ಹೊಣೆ.

ಅಳತೆಯ ವಿಷಯ. ಇನ್‌ಸ್ಟಾಗ್ರಾಮಿನ ಲಂಬ ಪೋಸ್ಟರಿಗೆ 1080×1350 ಪಿಕ್ಸೆಲ್, ಸ್ಟೇಟಸ್ಸಿಗೆ 1080×1920 ಬಳಕೆಯಲ್ಲಿವೆ. ಒಂದಕ್ಕೆ ಮಾಡಿದ್ದನ್ನು ಇನ್ನೊಂದಕ್ಕೆ ಹಾಕಿದರೆ ಅಂಚು ಕತ್ತರಿಸಿಹೋಗಬಹುದು. ಹಾಗಾಗಿ ಮುಖ್ಯ ಮಾತು ನಡುವೆ ಇರಲಿ. ಕನ್ನಡಕ್ಕೆ ಕೆಳಗೆ ಒತ್ತಕ್ಷರ, ಮೇಲೆ ಸ್ವರಚಿಹ್ನೆಗಳಿವೆ. ಇಂಗ್ಲಿಷಿನಷ್ಟೇ ಅಂತರ ಕೊಟ್ಟರೆ ಸಾಲುಗಳು ಒಂದಕ್ಕೊಂದು ತಾಗುತ್ತವೆ. ಅಕ್ಷರ ಮತ್ತು ಹಿನ್ನೆಲೆಯ ಹೊಳಪಿನ ಅನುಪಾತ ಕನಿಷ್ಠ 4.5:1, ದೊಡ್ಡ ಅಕ್ಷರಗಳಿಗೆ 3:1 ಇರಬೇಕೆಂಬುದು ಅಂತರ್ಜಾಲದ ಮಾನದಂಡ. ಹಳದಿಯ ಮೇಲಿನ ಬಿಳಿ ಅಕ್ಷರ ಈ ಪರೀಕ್ಷೆಯಲ್ಲಿ ನಿಲ್ಲದು. ಬಿಸಿಲಿನಲ್ಲಿ ಫೋನ್ ಹಿಡಿದವರಿಗೆ ಕಾಣಿಸದು.

ಬಿಡುಗಡೆಗೆ ಮುನ್ನ ಪೋಸ್ಟರನ್ನು ಅರ್ಧಕ್ಕೆ ಕತ್ತರಿಸಿ ಮನೆಯ ಹಿರಿಯರಿಗೆ ತೋರಿಸೋಣ. ಯಾರು, ಎಲ್ಲಿ, ಯಾವಾಗ ಎಂಬುದು ಅವರಿಗೆ ತಿಳಿಯದಿದ್ದರೆ ವಿನ್ಯಾಸ ಇನ್ನೂ ಮುಗಿದಿಲ್ಲವೆಂದೇ ಅರ್ಥ.